ಓದುಗರ ಪ್ರಶ್ನೆ: ಐಸ್ ಬ್ಲಾಕಿನ ಬಿಳಿ ತಿರುಳು

ಪ್ರಶ್ನೆ: ಮಲ್ಪೆ ಬಂದರಿನ ಹತ್ತಿರ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಬೇಸಗೆಯಲ್ಲಿ ಬೋರ್‌ವೆಲ್ ನೀರು ಸವಳಾಗುತ್ತದೆ. ಆಗ ಬ್ಲಾಕಿನ ನಡುಭಾಗ ಹಾಲಿನಷ್ಟು ಬಿಳಿಯಾಗುತ್ತದೆ, ಕ್ಯಾನಿನಿಂದ ತೆಗೆಯುವಾಗ ಬಿರುಕು ಬಿಡುತ್ತದೆ. ಬ್ರೈನನ್ನು, ಅಂದರೆ ಕ್ಯಾನುಗಳನ್ನು ಮುಳುಗಿಸಿಡುವ ತಣ್ಣನೆಯ ಉಪ್ಪುನೀರನ್ನು, ಮೈನಸ್ 10ರಿಂದ ಮೈನಸ್ 15 ಡಿಗ್ರಿಗೆ ಇಳಿಸಿದರೆ ಸರಿಹೋದೀತೇ?
– ಓದುಗರು, ಮಲ್ಪೆ

ಉತ್ತರ: ಇಳಿಸಬೇಡಿ, ಇನ್ನೂ ಕೆಡುತ್ತದೆ. 11 ಇಂಚು ದಪ್ಪದ ಬ್ಲಾಕ್ ಕಟ್ಟಲು ಮೈನಸ್ 10ರಲ್ಲಿ ಹೆಚ್ಚುಕಡಿಮೆ 47 ಗಂಟೆ ಬೇಕು, ಮೈನಸ್ 15ರಲ್ಲಿ 31 ಸಾಕು. ಆಸೆ ಹುಟ್ಟುವುದು ಸಹಜವೇ. ಆದರೆ ಐಸಿನ ಹರಳು ಉಪ್ಪನ್ನೂ ಗಾಳಿಯನ್ನೂ ತನ್ನೊಳಗೆ ಬಿಟ್ಟುಕೊಳ್ಳುವುದು ತೀರಾ ಅತ್ಯಲ್ಪ. ಕ್ಯಾನಿನ ಗೋಡೆಯಿಂದ ಒಳಮುಖವಾಗಿ ಬೆಳೆಯುತ್ತ ಅವನ್ನೆಲ್ಲ ನಡುವಿನ ನೀರಿಗೆ ದೂಡುತ್ತದೆ. ಬೇಗ ಕಟ್ಟಿದರೆ ಐಸಿನ ಮುಖ ಕವಲೊಡೆಯುತ್ತದೆ, ಆ ಸಂದುಗಳಲ್ಲಿ ಉಪ್ಪುನೀರು, ಗುಳ್ಳೆಗಳು ಸಿಕ್ಕಿಬೀಳುತ್ತವೆ. ನೀವು ಕಾಣುವ ಬಿಳಿ ಅದೇ.

ಸಿಕ್ಕಿಕೊಂಡ ಉಪ್ಪುನೀರು ಗಟ್ಟಿಯೂ ಆಗದು. ಮೈನಸ್ 10ರಲ್ಲಿ ಅದು ಸುಮಾರು ಶೇ. 14ರಷ್ಟು ಉಪ್ಪಿರುವ ದ್ರವವಾಗಿಯೇ ಉಳಿಯುತ್ತದೆ. ಅಡುಗೆ ಉಪ್ಪಿನ ನೀರು ಪೂರ್ತಿ ಗಟ್ಟಿಯಾಗಲು ಮೈನಸ್ 21.1 ಬೇಕು. ಹೀಗಾಗಿ ಬ್ಲಾಕ್ ಒಳಗಿಂದಲೇ ಟೊಳ್ಳಾಗುತ್ತದೆ. ಬಿರುಕಿಗೆ ಗಡಸು ನೀರಿನ ಮೆಗ್ನೀಸಿಯಂ ಲವಣಗಳೂ ಕಾರಣ.

ಮಾಡಬೇಕಾದದ್ದು ಇಷ್ಟು: ಕ್ಯಾನಿನೊಳಗೆ ಗಾಳಿಯ ಕೊಳವೆ ಇಳಿಬಿಟ್ಟು ನೀರನ್ನು ಕಲಕುತ್ತಿರಿ. ನಡುವೆ ಕಿರಿದಾದ ತಿರುಳಷ್ಟೇ ನೀರಾಗಿ ಉಳಿದಾಗ ಕೊಳವೆ ತೆಗೆದು, ಆ ನೀರನ್ನು ಪಂಪಿನಿಂದ ಹೀರಿ ಚೆಲ್ಲಿ, ತಣ್ಣಗೆ ಮಾಡಿಟ್ಟ ಒಳ್ಳೆಯ ನೀರು ತುಂಬಿ. ತಡಮಾಡಿದರೆ ಕೊಳವೆ ಐಸಿನಲ್ಲೇ ಹೂತುಹೋಗುತ್ತದೆ. ಬ್ರೈನಿನಿಂದ ಎತ್ತಿದ ಕ್ಯಾನನ್ನು ಕೆಲವು ನಿಮಿಷ ಹಾಗೇ ಬಿಟ್ಟು, ಆಮೇಲೆ ಸಾದಾ ನೀರಿನ ತೊಟ್ಟಿಗೆ ಇಳಿಸಿ, ಬಿಸಿನೀರು ಬೇಡ. ಒಂದೇ ಕ್ಯಾನಿನ ಬ್ಲಾಕ್ ಪ್ರತಿಸಲ ಮೆತ್ತಗಿದ್ದರೆ ನೀರನ್ನು ದೂರುವ ಮೊದಲು ಆ ಕ್ಯಾನಿಗೆ ಬ್ರೈನು ಒಳಸೇರುವಂಥ ತುಕ್ಕಿನ ತೂತು ಬಿದ್ದಿದೆಯೇ ನೋಡಿ.

ಪ್ರಶ್ನೆ: ಫ್ರೀಜರಿನಲ್ಲಿಟ್ಟ ಬಾಟಲಿ ನೀರು ಕೆಲವೊಮ್ಮೆ ಸೊನ್ನೆಯ ಕೆಳಗೂ ನೀರಾಗಿಯೇ ಇದ್ದು, ಕುಲುಕಿದೊಡನೆ ಐಸಾಗುವುದೇಕೆ?
– ಓದುಗರು, ಕುಂದಾಪುರ

ಉತ್ತರ: ಹರಳು ಶುರುವಾಗಲು ಒಂದು ನೆಲೆ ಬೇಕು. ಸಾಮಾನ್ಯವಾಗಿ ದೂಳಿನ ಕಣ ಆ ಕೆಲಸ ಮಾಡುತ್ತದೆ. ಅದೂ ಇಲ್ಲದ ಅತಿಸೂಕ್ಷ್ಮ ಹನಿಗಳು ಮೈನಸ್ 38ರವರೆಗೂ ದ್ರವವಾಗಿರಬಲ್ಲವು. ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಇದ್ದರೆ ಮೈನಸ್ 2ರ ಸುಮಾರಿಗೇ ಐಸ್ ಹುಟ್ಟೀತು. ಅಂದರೆ ಕರಗದ ಕಸ ಐಸನ್ನು ಕರೆಯುತ್ತದೆ, ಕರಗಿದ ಉಪ್ಪು ತಡೆಯುತ್ತದೆ.

ಪ್ರಶ್ನೆ: ಮೈನಸ್ 200 ಡಿಗ್ರಿಯಲ್ಲಿ ಎಲ್ಲವೂ ಹೆಪ್ಪುಗಟ್ಟಿರುವಾಗ ಕಲ್ಮಶಕ್ಕೆ ಇನ್ನೇನು ಕೆಲಸ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಅಲ್ಲಿಯೇ ಸ್ವಾರಸ್ಯ ಹೆಚ್ಚು. ಸಾಮಾನ್ಯ ಐಸಿನಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿದ್ದರೂ ಜಲಜನಕದ ದಿಕ್ಕುಗಳು ಚೆಲ್ಲಾಪಿಲ್ಲಿ. ಸುಮಾರು 100 ಕೆಲ್ವಿನ್‌ಗಿಂತ (ಮೈನಸ್ 173 ಡಿಗ್ರಿ) ಕೆಳಗೆ ಅಣುಗಳು ಹೊರಳುವುದೇ ನಿಂತಂತೆ, ಆದ್ದರಿಂದ ಶುದ್ಧ ಐಸು ಆ ಅಸ್ತವ್ಯಸ್ತದಲ್ಲೇ ಉಳಿದುಬಿಡುತ್ತದೆ. ಜಪಾನಿನ ತಾಜಿಮಾ, ಮತ್ಸುವೊ, ಸುಗಾ ಅವರು 1982ರಲ್ಲಿ ಚೂರು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿದ ಐಸಿನಲ್ಲಿ 72 ಕೆಲ್ವಿನ್‌ನ, ಅಂದರೆ ಸುಮಾರು ಮೈನಸ್ 201 ಡಿಗ್ರಿಯ, ರೂಪಾಂತರವನ್ನು ವರದಿ ಮಾಡಿದರು. ಕ್ಷಾರವು ಐಸಿನ ಅಣುಗಳ ಜಾಲರಿಯಲ್ಲಿ ಮಾಡಿದ ದೋಷಗಳ ಮೂಲಕ ಅಣುಗಳು ಹೊರಳಿ ಜಲಜನಕವೂ ಸಾಲುಗಟ್ಟಿತು. ಆ ರೂಪಕ್ಕೆ ಐಸ್ 11 ಎಂಬ ಹೆಸರಾಯಿತು. ಯಾವ ಕಲ್ಮಶವಾದರೂ ನಡೆದೀತು ಅಂದುಕೊಳ್ಳಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ಇಲ್ಲಿ ಕೆಲಸಕ್ಕೆ ಬಾರದು. ಅಧಿಕ ಒತ್ತಡದ ಐಸ್ 5 ಎಂಬ ರೂಪವನ್ನು ಅದರ ಜಲಜನಕ ಸಾಲುಗಟ್ಟಿದ ರೂಪವಾದ ಐಸ್ 13 ಆಗಿಸಲು ಮಾತ್ರ ಅದೇ ಹೆಚ್ಚು ಪರಿಣಾಮಕಾರಿ.