ಮೀನಿನ ಲೆಕ್ಕ ಪಕ್ಕಾ, ಪಾಠ ಓದಲು ತಡವರಿಕೆ

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಊರು. ಮನೆಯಲ್ಲಿ ಮಾತು ಕೊಂಕಣಿ. ಮಗ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮೀನು ಮಾರಲು ನನ್ನ ಜೊತೆ ಕೂತರೆ ಬಾಂಗಡೆ, ತಾರ್ಲೆ ಲೆಕ್ಕ ಬಾಯಲ್ಲೇ ಹೇಳುತ್ತಾನೆ, ಚಿಲ್ಲರೆ ತಪ್ಪುವುದಿಲ್ಲ. ಪಾಠ ಓದು ಎಂದರೆ ಬೆವರುತ್ತಾನೆ. ಮೂರನೇ ಕ್ಲಾಸಿನವರೆಗೆ ದೂರು ಇರಲಿಲ್ಲ. ಈಗ ಶಾಲೆಯ ಅಕ್ಕೋರು (ಟೀಚರು) ‘ಲಕ್ಷ್ಯ ಇಲ್ಲ, ಅಕ್ಕನ ಹಾಗಲ್ಲ ಇವನು’ ಎನ್ನುತ್ತಾರೆ. ಟ್ಯೂಷನ್ ಹಾಕಲೇ, ಶಾಲೆ ಬದಲಿಸಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ.

ಮೂರನೇ ಕ್ಲಾಸಿನವರೆಗೆ ದೂರು ಇರಲಿಲ್ಲ ಎಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಒಂದರಿಂದ ಮೂರರವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಗು ಕಾರ್ಡು ಹಿಡಿದು, ತಟ್ಟೆಯಿಂದ ತಟ್ಟೆಗೆ, ಅಂದರೆ ಗುಂಪಿನಿಂದ ಗುಂಪಿಗೆ, ಹೋಗುತ್ತಾ ತನ್ನ ನಡಿಗೆಯಲ್ಲೇ ಮೆಟ್ಟಿಲು ಹತ್ತುತ್ತದೆ. ಪಕ್ಕದವನು ನಾಲ್ಕು ಮೆಟ್ಟಿಲು ಮುಂದಿದ್ದರೂ ಯಾರೂ ದೊಡ್ಡದು ಮಾಡುವುದಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ, ಒಂದೇ ಪುಟ. ಹಿಂದೆ ಬಿದ್ದದ್ದು ಆಗ ಎದ್ದು ಕಾಣುತ್ತದೆ. ನನ್ನ ಕೇಳಿದರೆ, ತಪ್ಪು ಹುಡುಗನಿಗಿಂತ ಜಾಸ್ತಿ ಈ ಜಿಗಿತದ್ದು.

ತೊಡಕು ಭಾಷೆಯದೋ ಓದಿನದೋ ಎಂದು ಮೊದಲು ನೋಡಬೇಕು. ಅಕ್ಕೋರು ಒಂದು ಪಾಠ ಓದಿ ಹೇಳಲಿ, ಮಗ ಅದನ್ನು ಕೊಂಕಣಿಯಲ್ಲೇ ತಿರುಗಿ ಹೇಳಲಿ. ಕೇಳಿದರೂ ಅರ್ಥವಾಗದಿದ್ದರೆ ಕನ್ನಡ ಪದಗಳ ಕೊರತೆ ಇರಬಹುದು. ಅದು ದಡ್ಡತನವಲ್ಲ, ಮಾತಾಡಿಸಿದರೆ ಸರಿಹೋಗುತ್ತದೆ. ಕೇಳಿದರೆ ಎಲ್ಲ ಗೊತ್ತು, ತಾನೇ ಓದುವಾಗ ಮಾತ್ರ ಒತ್ತಕ್ಷರ ನುಂಗುತ್ತಾನೆ, ಪ-ಷ, ಮ-ವ ಅದಲುಬದಲು ಮಾಡುತ್ತಾನೆ, ಒಂದೇ ಪದವನ್ನು ಮೂರು ಥರ ಬರೆಯುತ್ತಾನೆ ಅಂತಾದರೆ ಡಿಸ್‌ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು-ಬರಹದಲ್ಲಿ ತೊಡಕು) ಇರಬಹುದೇ ಎಂದು ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮುಂಚೆ ಕಣ್ಣು, ಕಿವಿ ತೋರಿಸಿ. ಕನ್ನಡಕ ಬಂದ ಮೇಲೆ ‘ಜಾಣ’ರಾದ ಮಕ್ಕಳನ್ನು ಬಹಳ ನೋಡಿದ್ದೇನೆ!

ತಾಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಕರೆಸಿ ಎಂದು ಹೆಡ್‌ಮಾಸ್ತರರನ್ನು ಕೇಳಿ. ಡಿಸ್‌ಲೆಕ್ಸಿಯಾ ಪರೀಕ್ಷೆಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದೆ ಎಂದು ಗೊತ್ತಾದರೂ ಹೆದರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಒಬ್ಬರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ, ಇವಕ್ಕೆಲ್ಲ ಅದರಲ್ಲಿ ದಾರಿ ಇದೆ.

ಅಕ್ಕೋರ ಹತ್ತಿರ ಜಗಳ ಬೇಡ. ಒಂದೇ ಕೋಣೆಯಲ್ಲಿ ಎರಡು ಕ್ಲಾಸು ನೋಡಿಕೊಳ್ಳುವವರ ಕಷ್ಟವೂ ಕಷ್ಟವೇ, ಅಲ್ವಾ? ಎರಡೇ ಮಾತು ಕೇಳಿಕೊಳ್ಳಿ. ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ. ಗೊತ್ತಿರುವುದನ್ನು ಬಾಯಲ್ಲಿ ಹೇಳಲು ಬಿಡಿ. ಅಕ್ಕನ ಹೋಲಿಕೆ ಮನೆಯಲ್ಲೂ ನಿಲ್ಲಲಿ.

ಸಂಜೆ ಐದು ನಿಮಿಷ ಮೀನಿನ ಹೆಸರುಗಳ ಚೀಟಿ ಮಾಡಿ ಓದಿಸಿ. ಮೊದಲು ‘ಬಾಂಗಡೆ’, ಅದರಲ್ಲಿ ಒತ್ತಕ್ಷರ ಇಲ್ಲ. ಅದು ಸಲೀಸಾದ ಮೇಲೆ ‘ಶೆಟ್ಲಿ’. ‘ತಾರ್ಲೆ’ ಕೊನೆಗೆ ಇರಲಿ, ಅದಕ್ಕೆ ಅರ್ಕಾವತ್ತು ಬೇರೆ ಇದೆ.