ಬೀದಿದೀಪದ ಸ್ವಿಚ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮದು ಭಾಲ್ಕಿ ತಾಲ್ಲೂಕಿನ ಹಳ್ಳಿ. ಹಾಡಹಗಲೇ ಬೀದಿದೀಪ ಉರಿಯುತ್ತಿರುತ್ತವೆ. ಕೇಳಿದರೆ ಪಂಚಾಯಿತಿಯವರು ಲೈನ್‌ಮನ್ ಕಡೆ ಕೈ ತೋರಿಸುತ್ತಾರೆ, ಲೈನ್‌ಮನ್ ಪಂಚಾಯಿತಿ ಕಡೆ. ಕರೆಂಟ್ ಉಳಿಸುವುದು, ಸೋಲಾರ್ ಹಾಕಿಸುವುದು ಪಂಚಾಯಿತಿಯೇ ಮಾಡಬಾರದಾ? ಅಧಿಕಾರ ಇಲ್ವಾ?
– ಒಬ್ಬ ಓದುಗ, ಬೀದರ್ ಜಿಲ್ಲೆ

ಉತ್ತರ: ಇದೆ, ಆದರೆ ಅರ್ಧ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಹಳ್ಳಿಯ ವಿದ್ಯುತ್ ಹಂಚಿಕೆಯೂ ಇದೆ, ಸೋಲಾರ್‌ನಂಥ ಅಸಾಂಪ್ರದಾಯಿಕ ಇಂಧನವೂ ಇದೆ. ವಹಿಸಬಹುದು ಅಂತಿದೆ, ವಹಿಸಲೇಬೇಕು ಅಂತಿಲ್ಲ ನೋಡಿ. ಹಾಗಾಗಿ ನಮ್ಮ ಕಡೆ ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ವಿದ್ಯುತ್ ಕಂಪನಿ ಜೆಸ್ಕಾಂನದು, ದರ ನಿಗದಿ ಬೆಂಗಳೂರಿನ ವಿದ್ಯುತ್ ನಿಯಂತ್ರಣ ಆಯೋಗದ್ದು, ಪಂಚಾಯಿತಿ ಪಾಲಿಗೆ ಬಂದಿದ್ದು ಬಿಲ್ ಕಟ್ಟುವ ಕೆಲಸ. ಇದು ಬದಲಾಗಲೇಬೇಕು. ದೀಪ ಎಷ್ಟು ಹೊತ್ತಿಗೆ ಆರಬೇಕು ಅನ್ನೋದು ಅದರ ಕೆಳಗೆ ಓಡಾಡುವವರಿಗೇ ಚೆನ್ನಾಗಿ ಗೊತ್ತು.

ಹಗಲು ದೀಪದ ಲೆಕ್ಕ ಹಾಕೋಣ. 40 ವ್ಯಾಟಿನ 200 ಟ್ಯೂಬ್‌ಲೈಟ್ ದಿನಕ್ಕೆ 12 ತಾಸು ಸುಮ್ನೆ ಉರಿದರೆ 96 ಯೂನಿಟ್, ತಿಂಗಳಿಗೆ 2,880. ಬಹಳ ಊರುಗಳಲ್ಲಿ ಬೀದಿದೀಪಕ್ಕೆ ಅಂತ ಬೇರೆ ತಂತಿಯೇ ಎಳೆದಿರುವುದಿಲ್ಲ, ಮನೆಗೆ ಹೋಗುವ ಲೈನಿಗೇ ದೀಪ ಸೇರಿಸಿರುತ್ತಾರೆ, ಆಮೇಲೆ ಆರಿಸಬೇಕು ಅಂದರೂ ಸ್ವಿಚ್ ಎಲ್ಲಿದೆ? ಆ ಒಂದು ತಂತಿ, ಒಂದು ಟೈಮರ್, ಕಡಿಮೆ ವ್ಯಾಟಿನ ಎಲ್‌ಇಡಿ: ಸೋಲಾರಿಗಿಂತ ಮೊದಲು ಇವು ಆಗಬೇಕು.

ಸೋಲಾರಿಗೆ ನಮ್ಮ ಬಿಸಿಲು ಸಾಕು, ಅದರ ಬಗ್ಗೆ ಕಲಬುರಗಿಯವರಿಗೂ ಯಾದಗಿರಿಯವರಿಗೂ ಹೇಳಬೇಕಾಗಿಲ್ಲ. ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಆದರೆ ಅದು ಮನೆಗಳಿಗೆ ಮಾತ್ರ, ಪಂಚಾಯಿತಿ ಕಟ್ಟಡಕ್ಕೆ ಸಿಗಲ್ಲ. ಊರಲ್ಲಿ ಹೀಗೆ ಹಾಕಿಸಿದ ಪ್ರತಿ ಮನೆಗೆ 1,000 ರೂಪಾಯಿಯಂತೆ ಸ್ಥಳೀಯ ಸಂಸ್ಥೆಗೆ ಪ್ರೋತ್ಸಾಹಧನ ಇದೆ. ಇದನ್ನು ನಿಮ್ಮ ಪಿಡಿಒಗೆ ನೆನಪಿಸಿ.

ಕುಡಿಯುವ ನೀರಿನ ಬೋರ್‌ವೆಲ್ ಮೋಟಾರನ್ನೂ ಮರೆಯಬೇಡಿ. ಹಳೇ ಮೋಟಾರು ನೀರು ಕಡಿಮೆ ಎತ್ತುತ್ತೆ, ಕರೆಂಟ್ ಜಾಸ್ತಿ ತಿನ್ನುತ್ತೆ.

ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪದ ಬಿಲ್ಲು, ನೀರಿನ ಬಿಲ್ಲು ಬೇರೆ ಬೇರೆ ಓದಿಸಿ, ಯಾವುದಕ್ಕೆ ಮೀಟರ್ ಇದೆ, ಯಾವುದಕ್ಕಿಲ್ಲ ಅಂತ ಕೇಳಿ. ಕರೆಂಟ್ ಉಳಿಸಿ ಮಿಕ್ಕಿದ ದುಡ್ಡು ಊರಲ್ಲೇ ಉಳಿಯಬೇಕು ಅಂತ ಠರಾವು ಮಾಡಿಸಿ, ಅದರ ಒಂದು ಪ್ರತಿ ನಿಮ್ಮ ಕೈಗೆ ತೆಗೆದುಕೊಳ್ಳಿ.