ಇಎಸ್‌ಸಿ ಆಫ್ ಮಾಡುವ ಶೂರರಿಗೆ

ಪ್ರಶ್ನೆ: ಹೊಸ ಕಾರಿನಲ್ಲಿ ಇಎಸ್‌ಸಿ (ಕಾರು ಜಾರಿದಾಗ ತಾನಾಗಿಯೇ ಬ್ರೇಕ್ ಹಾಕಿ ದಾರಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದೆ. 'ಅದು ಓಡಿಸೋಕೆ ಬಾರದವರಿಗೆ, ಘಾಟಿಯಲ್ಲಿ ಆಫ್ ಮಾಡು' ಅಂತಾರೆ ನಮ್ಮ ಮಾವ. ಡ್ರೈವಿಂಗ್ ಸ್ಕೂಲಿನವರು 'ಅದಿದ್ರೆ ಮಳೆಯಲ್ಲೂ ಭಯ ಇಲ್ಲ' ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಉತ್ತರ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಮೊದಲು ಮಾವನವರಿಗೆ. ಅವರ ಕಾಲಡಿ ಇರುವುದು ಒಂದೇ ಬ್ರೇಕ್ ಪೆಡಲ್, ಒತ್ತಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್. ಚಾರ್ಮಾಡಿಯ ತಿರುವಿನಲ್ಲಿ ಮುಂದಿನ ಚಕ್ರಗಳು ಜಾರಿ ಕಾರು ನೇರ ತಡೆಗೋಡೆ ಕಡೆ ಹೊರಟಿತು ಅಂದುಕೊಳ್ಳಿ. ಸ್ಟೀರಿಂಗ್ ತಿರುಗಿದ ಕಡೆ ಕಾರು ತಿರುಗುತ್ತಿಲ್ಲ ಎಂದು ಸೆನ್ಸರ್‌ಗಳಿಗೆ ಕೂಡಲೇ ಗೊತ್ತಾಗುತ್ತದೆ, ಇಎಸ್‌ಸಿ ಒಳಬದಿಯ ಹಿಂದಿನ ಚಕ್ರವೊಂದಕ್ಕೇ ಬ್ರೇಕ್ ಹಾಕಿ ಮೂತಿಯನ್ನು ಒಳಕ್ಕೆ ಎಳೆಯುತ್ತದೆ. ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ. ಎಷ್ಟು ವರ್ಷ ಸ್ಟೀರಿಂಗ್ ಹಿಡಿದವರಾದರೂ ಒಂದು ಪೆಡಲ್‌ನಲ್ಲಿ ಇದನ್ನು ಮಾಡಿ ತೋರಿಸಲಿ ನೋಡೋಣ. 1997ರಲ್ಲಿ ಸ್ವೀಡನ್ನಿನಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಪರೀಕ್ಷೆಯಲ್ಲಿ ಮಗುಚಿತಲ್ಲ, ಓಡಿಸುತ್ತಿದ್ದವರಿಗೆ ಕಾರು ಪರೀಕ್ಷಿಸುವುದೇ ಕೆಲಸವಾಗಿತ್ತು. ಆಮೇಲೆ ಕಂಪನಿ ಆ ಕಾರಿಗೆಲ್ಲ ಇದೇ ವ್ಯವಸ್ಥೆ ಹಾಕಿತು.

ಇನ್ನು ಡ್ರೈವಿಂಗ್ ಸ್ಕೂಲಿನವರು. ಎಂಟು ಬರೆಸಿ ಲೈಸೆನ್ಸ್ ಕೊಡಿಸುವವರು ಭಯ ಇಲ್ಲ ಅಂತ ಹೇಳಿಕೊಡುವುದು ನನಗೆ ಸಿಟ್ಟು ತರಿಸುತ್ತದೆ. ಇಎಸ್‌ಸಿ ಇರುವ ಹಿಡಿತವನ್ನು ಹಂಚುತ್ತದೆ ಅಷ್ಟೇ, ಇಲ್ಲದ್ದನ್ನು ಎಲ್ಲಿಂದ ತರುತ್ತೆ? 40ರಲ್ಲಿ ತೆಗೆದುಕೊಳ್ಳುವ ತಿರುವನ್ನು 60ರಲ್ಲಿ ತೆಗೆದುಕೊಂಡರೆ ಎರಡೂಕಾಲು ಪಟ್ಟು ಹಿಡಿತ ಬೇಕು. ಒದ್ದೆ ರಸ್ತೆ, ಸವೆದ ಟೈರು ಅಷ್ಟು ಕೊಡದಿದ್ದರೆ ಕಾರು ಹೊರಗೆ ಹೋಗುತ್ತದೆ, ಮುಗಿಯಿತು.

ಹಾಗಂತ ಒಂದು ದಿನದ 'ಸ್ಕಿಡ್ ಕಂಟ್ರೋಲ್' ಕೋರ್ಸಿಗೆ ದುಡ್ಡು ಸುರಿಯಬೇಡಿ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಇಂಥ ತರಬೇತಿ ಕಡ್ಡಾಯ ಮಾಡಿದ ಮೇಲೆ ಜಾರುವ ರಸ್ತೆಯಲ್ಲಿ ಯುವಕರ ಅಪಘಾತ ಜಾಸ್ತಿಯಾಯಿತು. ಕೈ ಪಳಗುವ ಮೊದಲೇ ಧೈರ್ಯ ಬಂದಿತ್ತು. ಬದಲಿಗೆ ಖಾಲಿ ಮೈದಾನದಲ್ಲಿ ಒಮ್ಮೆ ಬ್ರೇಕ್ ಪೂರ್ತಿ ತುಳಿಯಿರಿ, ಚಕ್ರ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಪೆಡಲನ್ನು ಕಟಕಟ ಅನ್ನಿಸಿದರೂ ಕಾಲು ತೆಗೆಯದೆ ಸ್ಟೀರಿಂಗ್ ತಿರುಗಿಸಿ. ಇದನ್ನು ಒಮ್ಮೆಯೂ ಮಾಡದವರು ನಿಜವಾದ ಅಪಾಯದಲ್ಲಿ ಪೆಡಲ್ ನಡುಗಿತು ಎಂದು ಹೆದರಿ ಕಾಲು ತೆಗೆಯುತ್ತಾರೆ. ಘಾಟಿಯಲ್ಲಿ ಬ್ರೇಕು ತಿರುವಿಗೆ ಮೊದಲು, ತಿರುವಿನೊಳಗಲ್ಲ. ನನ್ನ ಮಟ್ಟಿಗೆ ಮಳೆಯಲ್ಲಿ ಹಿಂದಿನ ಬಸ್ಸು ಎಷ್ಟು ಹಾರ್ನ್ ಹೊಡೆದರೂ ನಾನು ಸ್ಪೀಡ್ ಏರಿಸುವವನಲ್ಲ.

ಆ ಆಫ್ ಬಟನ್? ಕೆಸರಲ್ಲಿ ಸಿಕ್ಕಿಕೊಂಡಾಗ ಒತ್ತಿ, ಚಕ್ರ ತಿರುಗಲು ಬಿಡಿ. ಮೇಲೆ ಬಂದ ತಕ್ಷಣ ಆನ್ ಮಾಡಿ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಆಗಾಗ ಮಿಣುಕುತ್ತದೆ. ಮೆಕ್ಯಾನಿಕ್ ಸೆನ್ಸರ್ ಬದಲಾಯಿಸಿ ಅಂತಾನೆ.

ಉತ್ತರ: ಮೆಕ್ಯಾನಿಕ್ಕನ್ನು ಬದಲಾಯಿಸಿ. ಅದು ಇಎಸ್‌ಸಿ ದೀಪ, ಮಿಣುಕಿದರೆ ಇಎಸ್‌ಸಿ ಕೆಲಸ ಮಾಡುತ್ತಿದೆ ಎಂದರ್ಥ, ಆಫ್ ಒತ್ತದೆಯೂ ಒಂದೇ ಸಮನೆ ಉರಿದರೆ ಮಾತ್ರ ತೋರಿಸಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಉತ್ತರ: ಇಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗಲೇ ಪೆಟ್ರೋಲ್ ನಿಲ್ಲಿಸುತ್ತವೆ, ನ್ಯೂಟ್ರಲ್ಲಿನಲ್ಲಿ ಕುಡಿಯುತ್ತವೆ.